ಕಾಳಜಿ ಕೇಂದ್ರಕ್ಕೂ ಜಾತ್ರೆಯ ಬಿಡಾರಕ್ಕೂ ಕಂದಕ ಸಂಡಾಸ: ಸೈನ್ಯದ ಕ್ರಮ, ನಮ್ಮ ಮಣ್ಣಿನ ಲೆಕ್ಕ

ಮಳೆಗಾಲ ಸಮೀಪಿಸಿದಾಗ ಒಮ್ಮೆ, ಬನದ ಹುಣ್ಣಿಮೆ ಸಮೀಪಿಸಿದಾಗ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲವಾದರೂ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. ಕೆಲವೇ ದಿನಗಳ ಮಟ್ಟಿಗೆ ನೂರಾರು ಜನ ಒಂದೆಡೆ ಸೇರುವಲ್ಲಿ, ಕಡಿಮೆ ಖರ್ಚಿನಲ್ಲಿ, ರೋಗ ಹರಡದಂತೆ ಸಂಡಾಸದ ವ್ಯವಸ್ಥೆ ಮಾಡುವುದು ಹೇಗೆ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯವರು ಪ್ರವಾಹದ ಕಾಳಜಿ ಕೇಂದ್ರಗಳಿಗಾಗಿ ಕೇಳುತ್ತಾರೆ. ಬಾದಾಮಿಯ ಬನಶಂಕರಿ, ಸವದತ್ತಿಯ ಯಲ್ಲಮ್ಮನ ಜಾತ್ರೆಗಳಲ್ಲಿ ದಾಸೋಹ ನಡೆಸುವವರು ಮತ್ತು ಶ್ರೀಶೈಲದ ಪಾದಯಾತ್ರಿಗಳಿಗೆ ದಾರಿಯಲ್ಲಿ ಬಿಡಾರ ಹಾಕುವವರು ತಮ್ಮ ಅಗತ್ಯಕ್ಕಾಗಿ ಕೇಳುತ್ತಾರೆ. ಇವರೆಲ್ಲರಿಗೂ ಬಿಡಿಬಿಡಿಯಾಗಿ ಕೊಟ್ಟ ಉತ್ತರವನ್ನು ಇಲ್ಲಿ ಒಟ್ಟಾಗಿ, ಅಳತೆಗಳ ಸಮೇತ ಬರೆದಿದ್ದೇನೆ.

ಈ ಉತ್ತರದ ಬಹುಪಾಲು ಸೈನ್ಯದಿಂದ ಬಂದದ್ದು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ (1899–1902) ಬ್ರಿಟಿಷ್ ಸೈನ್ಯವು ಶತ್ರುವಿನ ಗುಂಡಿಗಿಂತ ರೋಗಕ್ಕೆ, ಅದರಲ್ಲೂ ವಿಷಮಶೀತ ಜ್ವರಕ್ಕೆ, ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಆ ಪೆಟ್ಟಿನ ನೆನಪಿದ್ದುದರಿಂದಲೇ ಮೊದಲ ಮಹಾಯುದ್ಧದ ಹೊತ್ತಿಗೆ ಕಂದಕಗಳಲ್ಲಿ ಸಂಡಾಸಕ್ಕೆ ನಿಶ್ಚಿತ ಜಾಗ, ನಿಶ್ಚಿತ ಅಳತೆ ಮತ್ತು ನಿಶ್ಚಿತ ಹೊಣೆಗಾರರು ಇದ್ದರು. ಮುಖ್ಯ ಕಂದಕದಿಂದ ಕವಲೊಡೆದು ಅಲ್ಲಿಗೇ ಮುಗಿಯುವ ಒಂದು ಮೊಂಡು ಕಂದಕದ ತುದಿಯಲ್ಲಿ ನಾಲ್ಕೈದು ಅಡಿ ಆಳದ ಗುಂಡಿ ಇರುತ್ತಿತ್ತು. ಅದನ್ನು ಸುಸ್ಥಿತಿಯಲ್ಲಿ ಇಡುವುದಕ್ಕೆಂದೇ ಪ್ರತಿ ಕಂಪನಿಯಲ್ಲಿ, ಅಂದರೆ ಸೈನಿಕರ ಪ್ರತಿ ತುಕಡಿಯಲ್ಲಿ, ಇಬ್ಬರನ್ನು ನೇಮಿಸುತ್ತಿದ್ದರು. ಈ ಕ್ರಮ ಕೈತಪ್ಪಿದಲ್ಲಿ ಏನಾಗುತ್ತದೆ ಎಂಬುದು 1915ರಲ್ಲಿ ಟರ್ಕಿಯ ಗ್ಯಾಲಿಪೊಲಿಯಲ್ಲಿ ಕಂಡಿತು. ಅಲ್ಲಿ ನೊಣ ಮತ್ತು ರಕ್ತಭೇದಿ ಸೇರಿ ಸಾವಿರಾರು ಸೈನಿಕರನ್ನು ಹಾಸಿಗೆ ಹಿಡಿಸಿದವು. ಇಂದು ಬೆಳಗಾವಿಯಲ್ಲಿ ತರಬೇತಿ ಕೇಂದ್ರವನ್ನು ಹೊಂದಿರುವ ಮರಾಠಾ ಲಘು ಪದಾತಿ ದಳದ ಅಂದಿನ ಪಲ್ಟಣುಗಳು ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕುಟ್ ಪಟ್ಟಣದಲ್ಲಿ 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ ಕೊನೆಯವರೆಗೆ ಮುತ್ತಿಗೆಗೆ ಸಿಕ್ಕಿಕೊಂಡಿದ್ದಾಗ, ಹಸಿವಿನ ಜೊತೆ ಅವರನ್ನು ಕಾಡಿದ್ದೂ ಭೇದಿಯೇ.

ಸೈನ್ಯದ ಒಂದು ಪದ್ಧತಿಯನ್ನು ಮಾತ್ರ ನಾವು ತೆಗೆದುಕೊಳ್ಳುವಂತಿಲ್ಲ. ನೆಲ ಅಗೆಯಲಾಗದ ಕಡೆಗಳಲ್ಲಿ ಬಕೆಟ್ಟು ಅಥವಾ ತಗಡಿನ ಡಬ್ಬಿಗಳನ್ನು ಇಟ್ಟು, ಕತ್ತಲಾದ ಮೇಲೆ ಅವನ್ನು ಹೊತ್ತೊಯ್ದು ಹುಗಿಯುತ್ತಿದ್ದರು. ಭಾರತೀಯ ಪಲ್ಟಣುಗಳಲ್ಲಿ ಆ ಹೊರೆ ಬಿದ್ದದ್ದು ಜೊತೆಗೆ ಕರೆದೊಯ್ದ ಝಾಡೂ ಕೆಲಸದವರ ತಲೆಯ ಮೇಲೆ. ಕೈಯಿಂದ ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಇಂದು ಅಪರಾಧ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಯಾವ ಗುಂಡಿಯನ್ನೂ ಯಾರೂ ಬರಿದು ಮಾಡಬೇಕಾಗಿಲ್ಲ. ಅವೆಲ್ಲ ಬಳಸಿ ಮುಚ್ಚುವ ಗುಂಡಿಗಳು.

ಬೇಕಾಗುವ ಸಾಮಾನು

ಹಾರೆ, ಗುದ್ದಲಿ, ಸಲಿಕೆ, ಬುಟ್ಟಿ, ಅಳತೆಯ ಪಟ್ಟಿ, ಹಗ್ಗ, ಬಿದಿರು ಅಥವಾ ಗಳ, ತಾಡಪತ್ರಿ, ಖಾಲಿ ಗೋಣಿ ಚೀಲಗಳು, ಗಟ್ಟಿ ಹಲಗೆ ಅಥವಾ ಹಾಸುಗಲ್ಲು, ನೀರಿನ ಡ್ರಮ್ಮು, ಚರಿಗೆಗಳು, ಸಾಬೂನು, ದೀಪ. ಸುಣ್ಣವನ್ನು ನಾನು ಬೇಕೆಂದೇ ಈ ಪಟ್ಟಿಯಿಂದ ಬಿಟ್ಟಿದ್ದೇನೆ. ಕಾರಣವನ್ನು 5ನೆಯ ಹಂತದಲ್ಲಿ ನೋಡಿ.

ಹಂತ 1: ಜನರನ್ನೂ ದಿನಗಳನ್ನೂ ಎಣಿಸಿರಿ

ಕಂದಕ ಸಂಡಾಸದಲ್ಲಿ ಎರಡು ಬಗೆಗಳಿವೆ. ಒಂದು ವಾರದೊಳಗೆ ಮುಗಿಯುವ ವಾಸಕ್ಕೆ ತೆಳು ಕಂದಕ ಸಾಕು. ಅದರ ಅಗಲ 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಆಳ 90 ಸೆಂಟಿಮೀಟರ್, ಅಂದರೆ ಮೂರು ಅಡಿ. ಉದ್ದ ನೂರು ಜನರಿಗೆ ಮೂರೂವರೆ ಮೀಟರ್. ಕೆಲವು ವಾರಗಳಿಂದ ಕೆಲವು ತಿಂಗಳವರೆಗಿನ ವಾಸಕ್ಕೆ ಆಳ ಕಂದಕ ಬೇಕು. ಅದು 1.8ರಿಂದ 2.5 ಮೀಟರ್ ಆಳ, 75ರಿಂದ 90 ಸೆಂಟಿಮೀಟರ್ ಅಗಲ ಇದ್ದು, ಮೇಲೆ ಗಟ್ಟಿಯಾದ ಕೂರುವ ಹಲಗೆ ಮತ್ತು ಮುಚ್ಚಳಗಳನ್ನು ಬೇಡುತ್ತದೆ. ಆಳ ಕಂದಕವನ್ನು ಅನುಭವಸ್ಥರ ಮೇಲ್ವಿಚಾರಣೆ ಇಲ್ಲದೆ ತೋಡಬೇಡಿರಿ. ಅದರಲ್ಲೂ ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ಎದೆಮಟ್ಟಕ್ಕಿಂತ ಆಳಕ್ಕೆ ಇಳಿದ ಗುಂಡಿಯ ಗೋಡೆ ಆಸರೆ ಇಲ್ಲದಿದ್ದರೆ ಸದ್ದಿಲ್ಲದೆ ಕುಸಿದು, ಒಳಗಿದ್ದವನನ್ನು ಹುಗಿದುಬಿಡುತ್ತದೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ತೆಳು ಕಂದಕದ ವಿಷಯ.

300 ಜನರ ಕಾಳಜಿ ಕೇಂದ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು ಹತ್ತೂವರೆ ಮೀಟರ್ ಉದ್ದ ಬೇಕು. ಇದನ್ನು ಗಂಡಸರಿಗೆ, ಹೆಂಗಸರಿಗೆ ಸಮಪಾಲು ಮಾಡುವುದು ಎಲ್ಲರೂ ಮಾಡುವ ತಪ್ಪು. ಹೆಂಗಸರಿಗೆ ಪ್ರತಿ ಸಲವೂ ಮರೆ ಬೇಕು, ಸಮಯ ಹೆಚ್ಚು ಬೇಕು, ಮಕ್ಕಳನ್ನು ಕರೆದೊಯ್ಯುವವರೂ ಅವರೇ. ಆದ್ದರಿಂದ ಅವರಿಗೆ ಏಳು ಮೀಟರ್, ಗಂಡಸರಿಗೆ ಮೂರೂವರೆ ಮೀಟರ್ ಕೊಟ್ಟು, ಗಂಡಸರಿಗೆ ಮೂತ್ರಕ್ಕೆ ಬೇರೆ ಜಾಗ ಮಾಡಿರಿ. ಈ ಬೇರೆ ಜಾಗವೆಂದರೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳದ ಒಂದು ಇಂಗುಗುಂಡಿ, ಅಂದರೆ ದ್ರವವನ್ನು ನೆಲಕ್ಕೆ ಇಂಗಿಸಲು ಕಲ್ಲು ತುಂಬಿದ ಗುಂಡಿ. ಅದರೊಳಕ್ಕೆ ಓರೆಯಾಗಿ ಇಳಿಬಿಟ್ಟ ನಾಲ್ಕೈದು ಕೊಳವೆಗಳ ಬಾಯಿಗೆ ಲಾಳಿಕೆ ಸಿಕ್ಕಿಸಿದರೆ ಮುಗಿಯಿತು. ಮೂತ್ರ ಕಂದಕಕ್ಕೆ ಬೀಳದಂತೆ ತಡೆದಷ್ಟೂ ಕಂದಕ ಒಣಗಿರುತ್ತದೆ.

ಹಂತ 2: ಜಾಗ ಆರಿಸಿರಿ

ಬಾವಿ, ಕೊಳವೆ ಬಾವಿ, ಹಳ್ಳಗಳಿಂದ ಕನಿಷ್ಠ 30 ಮೀಟರ್ ದೂರ ಮತ್ತು ಅವುಗಳಿಗಿಂತ ಇಳಿಜಾರಿನ ಬದಿ ಇರಬೇಕು. ಅಡುಗೆಯ ಜಾಗದಿಂದ ಸೈನ್ಯ ಪಾಲಿಸುವ ಅಂತರ ಸುಮಾರು 100 ಮೀಟರ್. ಮಲಗುವ ಜಾಗದಿಂದ ಮಾತ್ರ 50 ಮೀಟರ್ ದಾಟಬಾರದು. ದಾಟಿದರೆ ರಾತ್ರಿ ಹೊತ್ತು ಹೆಂಗಸರೂ ಮಕ್ಕಳೂ ಅಲ್ಲಿಗೆ ಹೋಗುವುದಿಲ್ಲ. ಶಾಲೆಯ ಕಂಪೌಂಡಿನ ಮೂಲೆಯೇ ಸಂಡಾಸವಾಗುತ್ತದೆ. ಶಾಲೆಯ ಅಂಗಳ ಚಿಕ್ಕದಿದ್ದು ಈ ಮೂರೂ ಅಂತರಗಳು ಒಟ್ಟಿಗೆ ಹೊಂದದಿದ್ದಲ್ಲಿ ಬಾವಿಯ ಅಂತರವನ್ನು ಬಿಟ್ಟುಕೊಡಬೇಡಿರಿ, ಅಡುಗೆಮನೆಯನ್ನೇ ಆಚೆ ಸರಿಸಿರಿ.

ಗಾಳಿಯ ದಿಕ್ಕನ್ನೂ ನೋಡಬೇಕು. ಪ್ರವಾಹದ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುವುದರಿಂದ ಸಂಡಾಸ ಅಡುಗೆಯ ಮೂಡಣಕ್ಕಿರಬೇಕು. ಬನದ ಹುಣ್ಣಿಮೆಯ ಹೊತ್ತಿಗೆ ಗಾಳಿ ಮೂಡಣದಿಂದ ಬರುವುದರಿಂದ ಜಾತ್ರೆಯಲ್ಲಿ ಇದು ತಿರುವುಮುರುವಾಗುತ್ತದೆ. ಜಾತ್ರೆಯ ನಕ್ಷೆಯನ್ನೇ ಮಳೆಗಾಲದಲ್ಲಿ ಬಳಸಿದವರು ಊಟದ ಪಂಗ್ತಿಯಲ್ಲಿ ಮೂಗು ಮುಚ್ಚಿಕೊಂಡದ್ದನ್ನು ಕಂಡಿದ್ದೇನೆ.

ಇನ್ನು ಅಂತರ್ಜಲ, ಅಂದರೆ ನೆಲದೊಳಗಿನ ನೀರಿನ ಮಟ್ಟ. ಕಂದಕದ ತಳಕ್ಕೂ ಆ ನೀರಿಗೂ ನಡುವೆ ಕನಿಷ್ಠ ಒಂದೂವರೆ ಮೀಟರ್ ಒಣ ಮಣ್ಣು ಇರಬೇಕು. ಹತ್ತಿರದ ಬಾವಿಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ನೀರು ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. 90 ಸೆಂಟಿಮೀಟರಿನ ಕಂದಕಕ್ಕೆ ನೀರು 2.4 ಮೀಟರಿಗಿಂತ ಕೆಳಗಿರಬೇಕು. ನೀರು 1.8 ಮೀಟರಿನಲ್ಲೇ ಇದ್ದರೆ ಏನು ಮಾಡುವುದು? ಬೆಲ್ಜಿಯಂನ ಫ್ಲ್ಯಾಂಡರ್ಸ್ ಬಯಲಿನಲ್ಲಿ ಎರಡು ಅಡಿ ಅಗೆದರೆ ನೀರು ಬರುತ್ತಿದ್ದ ಕಡೆಗಳಲ್ಲಿ ಸೈನಿಕರು ಕೆಳಗೆ ಅಗೆಯುವುದನ್ನು ಬಿಟ್ಟು, ಮಣ್ಣಿನ ಚೀಲ ಪೇರಿಸಿ ಕಂದಕವನ್ನು ನೆಲದ ಮೇಲೆ ಎತ್ತರಿಸಿದರು. ನೀವೂ ಹಾಗೆಯೇ 30 ಸೆಂಟಿಮೀಟರ್ ಮಾತ್ರ ಅಗೆದು, ಮಣ್ಣು ತುಂಬಿದ ಗೋಣಿ ಚೀಲಗಳನ್ನು ಎರಡೂ ಬದಿಗೆ 60 ಸೆಂಟಿಮೀಟರ್ ಎತ್ತರಕ್ಕೆ ಪೇರಿಸಿ, ಹೊರಗಿನಿಂದ ಮಣ್ಣಿನ ಇಳಿಜಾರು ಕೊಟ್ಟು, ಹತ್ತಲು ಮೆಟ್ಟಿಲು ಮಾಡಬಹುದು. ನೀರು ಇನ್ನೂ ಮೇಲಿದ್ದರೆ ಕಂದಕದ ಆಸೆ ಬಿಟ್ಟು, ತಾಲ್ಲೂಕು ಆಡಳಿತದಿಂದ ಸಂಚಾರಿ ಶೌಚಾಲಯ ಕೇಳಿರಿ. ಡಿಆರ್‌ಡಿಒ ಸಂಸ್ಥೆಯು ಹಿಮಾಲಯದ ಗಡಿಯಲ್ಲಿರುವ ಸೈನಿಕರಿಗಾಗಿ ರೂಪಿಸಿ, ಈಗ ರೈಲುಗಳಲ್ಲೂ ಬಳಕೆಯಲ್ಲಿರುವ ಜೈವಿಕ ಶೌಚಾಲಯ, ಅಂದರೆ ಸೂಕ್ಷ್ಮಜೀವಿಗಳಿಂದ ಮಲವನ್ನು ಕರಗಿಸುವ ತೊಟ್ಟಿ, ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 3: ಮಣ್ಣನ್ನು ಪರೀಕ್ಷಿಸಿ ಅಗೆಯಿರಿ

ಹೆಚ್ಚಿನ ಕಂದಕಗಳು ಸೋಲುವುದು ಇಲ್ಲಿಯೇ, ಏಕೆಂದರೆ ಪುಸ್ತಕದ ಅಳತೆಗಳು ನೀರು ಇಂಗುವ ಮಣ್ಣನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಬೆಳಗಾವಿಯ ಪಡುವಣ ಭಾಗದ ಕೆಂಪು ಮಣ್ಣಿನಲ್ಲಿ, ಬಾದಾಮಿ ಸುತ್ತಲಿನ ಮಸಾರಿ ಮತ್ತು ಗರಸಿನಲ್ಲಿ, ಅಂದರೆ ಮರಳು ಬೆರೆತ ಕೆಂಪು ಮಣ್ಣು ಮತ್ತು ಹರಳುಗಲ್ಲಿನ ಮಣ್ಣಿನಲ್ಲಿ, ಅವು ಹೊಂದುತ್ತವೆ. ವಿಜಯಪುರದ ಡೋಣಿ ಸಾಲಿನಲ್ಲಿ, ಕೃಷ್ಣೆಯ ದಂಡೆಯ ಎರಿ ಹೊಲಗಳಲ್ಲಿ ಅವು ಹೊಂದುವುದಿಲ್ಲ.

ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ನೀರು ತುಂಬಿ, ಇಂಗಲು ಬಿಡಿರಿ. ಮತ್ತೊಮ್ಮೆ ತುಂಬಿರಿ. ಎರಡನೆಯ ಸಲ ತುಂಬಿದ ನೀರು ಒಂದು ತಾಸಿನಲ್ಲಿ ಎರಡು ಬೆರಳಿನಷ್ಟೂ ಇಳಿಯದಿದ್ದರೆ ಅದು ಇಂಗದ ಮಣ್ಣು ಎಂದು ತಿಳಿಯಿರಿ.

ಇಂಗದ ಮಣ್ಣಿನಲ್ಲಿ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡೋಣ. ನೂರು ಜನರಿಗೆಂದು ತೋಡಿದ ಮೂರೂವರೆ ಮೀಟರಿನ ಕಂದಕದಲ್ಲಿ, ಮುಚ್ಚಲು ಬಿಡಬೇಕಾದ ಮೇಲಿನ ಒಂದು ಅಡಿಯನ್ನು ಕಳೆದರೆ, ಬಳಕೆಗೆ ಸಿಗುವುದು ಸುಮಾರು 630 ಲೀಟರಿನ ಜಾಗ. ನಾವು ಕಾಗದ ಬಳಸುವವರಲ್ಲ, ಚರಿಗೆ ಹಿಡಿದು ಹೋಗುವವರು. ಒಬ್ಬರು ದಿನಕ್ಕೆ ಒಂದೂವರೆ ಲೀಟರ್ ನೀರು ಬಳಸಿದರೂ ನೂರು ಜನರಿಂದ ಏಳು ದಿನಕ್ಕೆ 1,050 ಲೀಟರ್ ಆಗುತ್ತದೆ. ಮಲದ ಲೆಕ್ಕ ಹಿಡಿಯುವ ಮೊದಲೇ ಕಂದಕ ತುಂಬಿ ಹೊರಚೆಲ್ಲುತ್ತದೆ! ಆದ್ದರಿಂದ ಎರಿ ಮಣ್ಣಿನಲ್ಲಿ ಉದ್ದವನ್ನು ಇಮ್ಮಡಿ ಮಾಡಿರಿ, ಆಗಲೂ ಅದನ್ನು ಏಳರ ಬದಲು ಐದು ದಿನಕ್ಕೆ ಮುಚ್ಚಿ ಹೊಸದನ್ನು ತೆರೆಯಿರಿ. ಆಳವನ್ನು ಹೆಚ್ಚಿಸಿ ಉದ್ದ ಉಳಿಸುವ ಜಾಣತನ ಬೇಡ. ಆಳ ಹೆಚ್ಚಿದಷ್ಟೂ ಕುಸಿಯುವ ಭಯ ಹೆಚ್ಚು, ನೀರು ತಾಗುವ ಭಯವೂ ಹೆಚ್ಚು.

ಒಂದೇ ಉದ್ದನೆಯ ಕಂದಕಕ್ಕಿಂತ ಮೂರೂವರೆ ಮೀಟರಿನ ತುಂಡುಗಳನ್ನು ಸಾಲಾಗಿ, ಒಂದಕ್ಕೊಂದು ಒಂದು ಮೀಟರ್ ಬಿಟ್ಟು ತೋಡುವುದು ಲೇಸು. ಒಂದರ ಗೋಡೆ ಕುಸಿದರೆ ಉಳಿದವು ನಿಲ್ಲುತ್ತವೆ. ಅಗೆದ ಮಣ್ಣನ್ನು ಕಂದಕದ ಅಂಚಿಗೇ ಸುರಿಯದೆ ಒಂದು ಮೀಟರ್ ಹಿಂದೆ ಗುಡ್ಡೆ ಹಾಕಿರಿ. ಮೇಲಿಳಿಜಾರಿನ ಬದಿಗೆ ಒಂದು ಗೇಣು ಆಳದ ಕಾಲುವೆ ತೆಗೆದು ಮಳೆನೀರು ಸುತ್ತಿ ಹೋಗುವಂತೆ ಮಾಡಿರಿ. ಈ ಕಾಲುವೆಯನ್ನು ಮರೆತ ಕಂದಕ ಒಂದೇ ರಾತ್ರಿಯ ಮಳೆಗೆ ತುಂಬಿ, ಒಳಗಿದ್ದುದನ್ನೆಲ್ಲ ಅಂಗಳಕ್ಕೆ ಹರಡುತ್ತದೆ.

ಹಂತ 4: ಕಾಲಿಡುವ ಜಾಗ ಮತ್ತು ಮರೆ

ಕಂದಕದ ಎರಡೂ ಅಂಚಿಗೆ ಹಲಗೆ ಅಥವಾ ಹಾಸುಗಲ್ಲು ಹಾಕಿ, ನಡುವೆ ಒಂದು ಗೇಣಿನಷ್ಟು ಸಂದು ಬಿಡಿರಿ. ಸಂದು ಅದಕ್ಕಿಂತ ಅಗಲವಾದರೆ ಚಿಕ್ಕ ಮಕ್ಕಳು ಬೀಳುವ ಭಯವಿದೆ, ಬೀಳದಿದ್ದರೂ ಹೆದರಿ ಹೊರಗೆ ಕೂರುತ್ತಾರೆ. ಮಕ್ಕಳ ಮಲ ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಅದರಲ್ಲೂ ರೋಗಾಣುಗಳಿರುತ್ತವೆ, ಹೊರಗೆ ಮಾಡಿದ್ದನ್ನು ಸಲಿಕೆಯಿಂದ ಎತ್ತಿ ಕಂದಕಕ್ಕೇ ಹಾಕಬೇಕು. ಮುಪ್ಪಿನವರಿಗಾಗಿ ಒಂದು ಜಾಗದಲ್ಲಿ ಹಿಡಿದು ಏಳಲು ಗಟ್ಟಿಯಾದ ಗೂಟ ನೆಡಿರಿ.

ಪ್ರತಿ ಜಾಗದ ನಡುವೆ ತಾಡಪತ್ರಿ ಅಥವಾ ಕಣಿಕೆಯ ತಟ್ಟಿಯ ಮರೆ ಇರಲಿ. ಹೆಂಗಸರ ಬದಿಗೆ ಮುಟ್ಟಿನ ಬಟ್ಟೆ ಮತ್ತು ಪ್ಯಾಡುಗಳಿಗಾಗಿ ಮುಚ್ಚಳದ ಡಬ್ಬಿ ಇಡಬೇಕು. ದಾರಿಯಲ್ಲಿ ದೀಪವಿರಲಿ, ಆದರೆ ಮರೆಯೊಳಗಿನ ನೆರಳು ಹೊರಗೆ ಕಾಣುವಂತೆ ದೀಪ ಇಡಬೇಡಿರಿ.

ಹಂತ 5: ಪ್ರತಿ ಸಲವೂ ಮಣ್ಣು

ನಿಜವಾದ ಶತ್ರು ವಾಸನೆಯಲ್ಲ, ನೊಣ. ಇದು ಸೈನ್ಯಕ್ಕೆ ಗೊತ್ತಾದದ್ದು ದುಬಾರಿ ಬೆಲೆ ತೆತ್ತ ಮೇಲೆ. 1898ರ ಸ್ಪೇನ್–ಅಮೆರಿಕ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ವಿಷಮಶೀತ ಜ್ವರ ಹಬ್ಬಿದ ಕಾರಣ ಹುಡುಕಲು ವಾಲ್ಟರ್ ರೀಡ್ ನೇತೃತ್ವದ ವೈದ್ಯರ ಮಂಡಳಿಯನ್ನು ನೇಮಿಸಲಾಯಿತು. ಶಿಬಿರದ ಗುಂಡಿಗಳಿಗೆ ಸುಣ್ಣ ಚೆಲ್ಲಿದ್ದರು; ಊಟದ ಡೇರೆಯಲ್ಲಿ ಅನ್ನದ ಮೇಲೆ ಓಡಾಡುತ್ತಿದ್ದ ನೊಣಗಳ ಕಾಲುಗಳು ಸುಣ್ಣದಿಂದ ಬೆಳ್ಳಗಾಗಿದ್ದವು. ಗುಂಡಿಯಿಂದ ತಟ್ಟೆಗೆ ದಾರಿ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿರಲಿಲ್ಲ. ತೆಳ್ಳಗೆ ಉದುರಿಸಿದ ಸುಣ್ಣದಿಂದ ನೊಣ ನಿಲ್ಲುವುದಿಲ್ಲ ಎಂಬುದೂ ಅಲ್ಲಿಯೇ ಗೊತ್ತಾಯಿತು. ನಮ್ಮಲ್ಲಿ ಇಂದಿಗೂ ಮೊದಲು ಖರ್ಚು ಮಾಡುವುದು ಸುಣ್ಣಕ್ಕೆ, ಏಕೆಂದರೆ ಬಂದ ಅಧಿಕಾರಿಗೆ ಬೆಳ್ಳಗೆ ಕಾಣುತ್ತದೆ.

ನೊಣವನ್ನು ನಿಲ್ಲಿಸುವುದು ಮಣ್ಣು. ಪ್ರತಿಯೊಬ್ಬರೂ ಎದ್ದ ಕೂಡಲೇ ಎರಡು ಸಲಿಕೆ ಒಣ ಮಣ್ಣನ್ನು ಮಲ ಕಾಣದಂತೆ ಹಾಕಬೇಕು. ಮಳೆಗಾಲದಲ್ಲಿ ಎರಿ ಮಣ್ಣು ಹೆಂಟೆಗಟ್ಟಿ ಉದುರುವುದಿಲ್ಲವಾದ್ದರಿಂದ, ಹಾಕುವ ಮಣ್ಣನ್ನು ಮೊದಲ ದಿನವೇ ತಾಡಪತ್ರಿಯ ಕೆಳಗೆ ಒಣಗಿಸಿ ಇಡಿರಿ, ಇಲ್ಲವೇ ಗರಸು ತರಿಸಿರಿ. ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಬೂದಿ ಸುಲಭವಾಗಿ ಸಿಗುತ್ತದೆ. ಪೂರ್ತಿ ಆರಿದ ಬೂದಿ ನೀರನ್ನು ಹೀರುವುದರಿಂದ ಮಣ್ಣಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ವಾರಕ್ಕೆ ಕಂದಕ ಮುಚ್ಚಬೇಕೆಂಬ ನಿಯಮವೂ ನೊಣದಿಂದಲೇ ಬಂದದ್ದು. ಬೆಚ್ಚನೆಯ ಹವೆಯಲ್ಲಿ ತತ್ತಿಯಿಂದ ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಕಂದಕ ಅರ್ಧವೇ ತುಂಬಿದ್ದರೂ ಎಂಟನೆಯ ದಿನಕ್ಕೆ ಅದನ್ನು ಉಳಿಸಿಕೊಂಡರೆ ನೀವು ನೊಣದ ಹೊಸ ಸಂತಾನವನ್ನೇ ಸಾಕಿದಂತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರನ್ನೂ ಸಂಡಾಸ ತೊಳೆಯುವ ಆಸಿಡ್ಡನ್ನೂ ಎಂದಿಗೂ ಒಟ್ಟಿಗೆ ಹಾಕಬೇಡಿರಿ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿಯ ಕಂದಕಗಳ ಮೇಲೆ ಜರ್ಮನರು ವಿಷಾನಿಲವಾಗಿ ಬಿಟ್ಟದ್ದು ಇದನ್ನೇ. ಬ್ಲೀಚಿಂಗ್ ಪೌಡರಿನ ಜಾಗ ಕುಡಿಯುವ ನೀರಿನ ಟ್ಯಾಂಕು. ತಿಳಿಯಾದ ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ತಾಜಾ ಪೌಡರ್ ಹಾಕಿ ಒಂದು ತಾಸು ಬಿಟ್ಟು ಕುಡಿಯಬೇಕು. ರಾಡಿ ನೀರಿಗೆ ಈ ಪ್ರಮಾಣ ಸಾಲದು. ಮೊದಲು ಅದನ್ನು ತಿಳಿಗೊಳಿಸಿ ಸೋಸಿರಿ. ಬಾಯಿ ತೆರೆದಿಟ್ಟ ಚೀಲದ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ.

ಹಂತ 6: ಕೈ ತೊಳೆಯುವ ನೀರು

ಸಂಡಾಸದಿಂದ ಹೊರಬರುವ ದಾರಿಯಲ್ಲೇ, ಬಳಸಿ ಹೋಗಲಾಗದಂತೆ, ನಲ್ಲಿ ಇರುವ ಡ್ರಮ್ಮು ಮತ್ತು ಹಗ್ಗಕ್ಕೆ ಕಟ್ಟಿದ ಸಾಬೂನು ಇಡಿರಿ. ಕಟ್ಟದ ಸಾಬೂನು ಸಂಜೆಯವರೆಗೆ ಉಳಿಯುವುದಿಲ್ಲ. ಕೆಳಗೆ ರಾಡಿ ಆಗದಂತೆ ಒಂದು ಸಣ್ಣ ಇಂಗುಗುಂಡಿ ಬೇಕು. ಡ್ರಮ್ಮಿಗೆ ಚರಿಗೆ ಅದ್ದಲು ಬಿಡಬೇಡಿರಿ.

ಹಂತ 7: ಹೊಣೆಗಾರರನ್ನು ನೇಮಿಸಿರಿ

ಕಂದಕ ತೋಡುವುದು ಅರ್ಧ ದಿನದ ಕೆಲಸ. ಅದನ್ನು ಏಳು ದಿನ ಕಾಯುವುದಕ್ಕೆ ಜನ ಸಿಗುವುದಿಲ್ಲ. ಕಂಪನಿಗೆ ಇಬ್ಬರು ಎಂಬ ಸೈನ್ಯದ ನಿಯಮವನ್ನು ಇಲ್ಲಿ ನೂರು ಜನರಿಗೆ ಇಬ್ಬರು ಎಂದು ಪಾಲಿಸಿರಿ, ಹೆಂಗಸರ ಬದಿಗೆ ಹೆಂಗಸರೇ ಇರಲಿ. ಮಣ್ಣಿನ ಗುಡ್ಡೆ ಖಾಲಿಯಾಗದಂತೆ, ನೀರು ಮುಗಿಯದಂತೆ, ಹಲಗೆ ತೊಳೆದಿರುವಂತೆ ನೋಡುವುದು, ಬೆಳಿಗ್ಗೆ ಮತ್ತು ಸಂಜೆ ಕಂದಕದ ಆಳವನ್ನು ಕೋಲಿನಿಂದ ಅಳೆಯುವುದು ಅವರ ಕೆಲಸ. ಅವರ ಹೆಸರುಗಳನ್ನು ಊಟದ ಜಾಗದಲ್ಲಿ ಬರೆದು ಹಾಕಿರಿ. ಸರದಿ ಪ್ರತಿದಿನ ಬದಲಾಗಬೇಕು ಮತ್ತು ಬಿಡಾರದ ಎಲ್ಲ ಓಣಿಯವರ ಹೆಸರೂ ಅದರಲ್ಲಿ ಬರಬೇಕು. ಒಂದೇ ಕೇರಿಯವರನ್ನು ಈ ಕೆಲಸಕ್ಕೆ ಕರೆಸುವ ಹಳೆಯ ರೂಢಿ ಇಂಥ ಹೊತ್ತಿನಲ್ಲಿ ಸದ್ದಿಲ್ಲದೆ ಮರಳಿ ಬರುತ್ತದೆ. ಸರದಿಯ ಪಟ್ಟಿ ಬರೆಯುವವರು ತಮ್ಮ ಹೆಸರನ್ನೇ ಮೊದಲ ದಿನಕ್ಕೆ ಹಾಕಿಕೊಂಡರೆ ಅದು ಬರುವುದಿಲ್ಲ.

ಹಂತ 8: ಮುಚ್ಚುವುದು

ಒಳಗಿರುವುದು ನೆಲಮಟ್ಟಕ್ಕಿಂತ ಒಂದು ಅಡಿ ಕೆಳಗೆ ಬಂದಾಗ, ಅಥವಾ ಗೊತ್ತುಮಾಡಿದ ದಿನ ಮುಗಿದಾಗ, ಯಾವುದು ಮೊದಲೋ ಆಗ ಮುಚ್ಚಬೇಕು. ಹೊಸ ಕಂದಕ ಸಿದ್ಧವಾಗುವವರೆಗೆ ಹಳೆಯದನ್ನು ಮುಚ್ಚಬೇಡಿರಿ. ಮಣ್ಣನ್ನು ಒಂದೇ ಸಲ ಸುರಿಯದೆ, ಒಂದು ಗೇಣು ಹಾಕಿ ದಿಮ್ಮಿಯಿಂದ ಬಡಿದು, ಮತ್ತೊಂದು ಗೇಣು ಹಾಕಿ ಬಡಿದು ತುಂಬಿರಿ. ಸಡಿಲವಾದ ಮಣ್ಣಿನ ಮೂಲಕ ಹೊಸ ನೊಣಗಳು ಮೇಲಕ್ಕೆ ತೂರಿಬರುತ್ತವೆ, ನಾಯಿಗಳೂ ಕೆದರುತ್ತವೆ. ಮಣ್ಣು ಮುಂದೆ ಕುಗ್ಗುವುದರಿಂದ ನೆಲದ ಮೇಲೆ ಮೊಣಕಾಲಿನ ಅರ್ಧದಷ್ಟು ಎತ್ತರದ ದಿಬ್ಬ ಬಿಡಿರಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಮೇಲಿನ ಪದರ ಗರಸಿನದಾಗಿರಲಿ.

ಜಂತುಹುಳದ ತತ್ತಿಗಳು ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರುತ್ತವೆ. ಆದ್ದರಿಂದ ಆ ಜಾಗವನ್ನು ಎರಡು ವರ್ಷ ಅಗೆಯಬಾರದು, ಅಲ್ಲಿ ಕಾಯಿಪಲ್ಲೆ ಬೆಳೆಯಬಾರದು, ಶಾಲೆಯ ಅಂಗಳವಾದರೆ ಕಬಡ್ಡಿಯ ಅಂಕಣ ಹಾಕಬಾರದು. ಸೈನ್ಯದವರು ಮುಚ್ಚಿದ ಜಾಗಕ್ಕೆ ಫಲಕ ನೆಟ್ಟು ಹೋಗುತ್ತಾರೆ. ನಮ್ಮಲ್ಲಿ ಕಟ್ಟಿಗೆಯ ಫಲಕ ಒಂದು ವಾರದಲ್ಲಿ ಯಾರದೋ ಒಲೆ ಸೇರುವುದರಿಂದ, ಕಂದಕದ ಅಳತೆಯನ್ನೂ ಮುಚ್ಚಿದ ದಿನಾಂಕವನ್ನೂ ಹತ್ತಿರದ ಗೋಡೆಯ ಮೇಲೆ ಎಣ್ಣೆ ಬಣ್ಣದಿಂದ ಬರೆದು, ಗೋಡೆಯಿಂದ ಕಂದಕಕ್ಕೆ ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ ಎಂಬುದನ್ನೂ ಕಾಣಿಸಿರಿ.